ಬಾಣ ನೋಡಿ ನಡೆಯಬೇಡಿ: ಯಾಣದಿಂದ ವಿಭೂತಿಗೆ ಜಿಪಿಎಸ್ ಜೊತೆ

ದೀಪಾವಳಿ ಮುಗಿದ ಮರುವಾರ ನಾವು ಮೂವರು ಶಿರಸಿಯಿಂದ ಯಾಣಕ್ಕೆ ಹೊರಟೆವು. ಅಲ್ಲಿಂದ ಕಾಡಿನ ಒಳದಾರಿ ಹಿಡಿದು ವಿಭೂತಿ ಜಲಪಾತಕ್ಕೆ ನಡೆಯೋದು ಅಂತ ಲೆಕ್ಕ. ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಪುಟ್ಟ ಜಿಪಿಎಸ್ ಇತ್ತು. ತಗೊಂಡು ಎರಡು ವರ್ಷ ಆಗಿತ್ತು, ಬಳಸೋಕೆ ಬರತ್ತೆ ಅಂದುಕೊಂಡಿದ್ದೆ.

ಮೊದಲ ಎಡವಟ್ಟು ಶಿರಸಿ ದಾಟುವ ಮೊದಲೇ ಆಯಿತು. ಗೆಳೆಯ ಯಾಣದ ಅಕ್ಷಾಂಶ, ರೇಖಾಂಶದ ಅಂಕಿ ಚೀಟಿಯಲ್ಲಿ ಬರೆದುಕೊಟ್ಟಿದ್ದ: 14.59, 74.57. ನಾನು 14 ಡಿಗ್ರಿ 59 ನಿಮಿಷ, 74 ಡಿಗ್ರಿ 57 ನಿಮಿಷ ಅಂತ ಒತ್ತಿದೆ. ಜಿಪಿಎಸ್ 42 ಕಿ.ಮೀ. ಅಂದಿತು. ಯಾಣಕ್ಕೆ ರಸ್ತೆ ದೂರವೂ ಸುಮಾರು ಅಷ್ಟೇ, ಹಾಗಾಗಿ ಅನುಮಾನವೇ ಬರಲಿಲ್ಲ. ಗಾಡಿ ಕುಮಟಾ ರಸ್ತೆಯಲ್ಲಿ, ಪರದೆಯ ಮೇಲೆ ದಿಕ್ಕು ತೋರಿಸುವ ಬಾಣ ಮಾತ್ರ ಹಟ ಹಿಡಿದು ಮುಂಡಗೋಡದ ಕಡೆಗೆ! ನೋಡಿದರೆ 14.59 ಅನ್ನೋದು ದಶಮಾಂಶ ಡಿಗ್ರಿ, ಅಂದರೆ 14 ಡಿಗ್ರಿ 35 ನಿಮಿಷ ಚಿಲ್ಲರೆ. ಒಂದು ಚುಕ್ಕಿ ತಪ್ಪಿ ಓದಿದ್ದಕ್ಕೆ ನಿಜವಾದ ಜಾಗದಿಂದ 60 ಕಿ.ಮೀ. ಆಚೆ ಹೋಗಿದ್ದೆ. ಯಾರಾದರೂ ಅಂಕಿ ಕೊಟ್ಟರೆ ಯಾವ ಮಾದರಿಯದು ಅಂತ ಮೊದಲು ಕೇಳಿ, ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಇಡಿ. ಚುಕ್ಕಿಯ ನಂತರ ಎರಡೇ ಅಂಕಿ ಇದ್ದರೆ ಅದು ಒಂದು ಕಿ.ಮೀ. ಆಚೀಚೆ ಆಗಬಹುದು. ಐದು ಅಂಕಿ ಇದ್ದರೆ ನಿಶ್ಚಿಂತೆ.

ಯಾಣದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಜಿಪಿಎಸ್ ಆನ್ ಮಾಡಿ ಬಯಲಲ್ಲಿ ಇಟ್ಟುಬಿಡಿ. ನೀವು ಚಾ ಕುಡಿಯುತ್ತಿರಿ, ಅದು ಉಪಗ್ರಹ ಹುಡುಕಿಕೊಳ್ಳಲಿ. ತಿಂಗಳುಗಟ್ಟಲೆ ಆಫ್ ಇದ್ದರೆ ಉಪಗ್ರಹಗಳ ಪಟ್ಟಿಯನ್ನು ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತದೆ. ಪೂರ್ತಿ ಪಟ್ಟಿಗೆ ಹನ್ನೆರಡೂವರೆ ನಿಮಿಷ ಬೇಕು. ಮರದ ಕೆಳಗೆ ಹೋದ ಮೇಲೆ ಆನ್ ಮಾಡಿದರೆ ಚಡಪಡಿಸುತ್ತಾ ಕೂತಿರುತ್ತದೆ. ಹಳೆಯ ಟ್ರ್ಯಾಕ್, ಅಂದರೆ ಬಂದ ದಾರಿಯನ್ನು ಜಿಪಿಎಸ್ ಬರೆದುಕೊಳ್ಳುವ ಗೆರೆ, ಅಳಿಸಿ ಹೊಸದು ಶುರು ಮಾಡೋದೂ ಇದೇ ಹೊತ್ತಿಗೆ. ಇಲ್ಲದಿದ್ದರೆ ಶಿರಸಿಯಿಂದ ಬಂದ ಡಾಂಬರು ರಸ್ತೆಯೂ ಅದರಲ್ಲಿ ಸೇರಿ ಗೋಜಲಾಗುತ್ತದೆ.

ಬಂಡೆಗಳ ಹತ್ತಿರ ಒಂದು ತಮಾಷೆ ನೋಡಿದೆವು. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಕಪ್ಪು ಸುಣ್ಣದ ಕಲ್ಲು. ಅದರ ಸಂದಿಯೊಳಗೆ ನಿಂತರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣೋದು. ಅಲ್ಲಿ ಸುಮ್ನೆ ನಿಂತಿದ್ದವನನ್ನು ಜಿಪಿಎಸ್ ಬಂಡೆ ಮೇಲೆ ಹತ್ತಿಸಿತು, ಕಾಡಿಗೆ ಇಳಿಸಿತು, ಮತ್ತೆ ಕರೆದುಕೊಂಡು ಬಂತು. ಪರದೆ ತುಂಬ ಮಕ್ಕಳು ಗೋಡೆ ಮೇಲೆ ಗೀಚಿದ ಹಾಗೆ ಗೆರೆ. ಬಯಲಲ್ಲಿ 4 ಮೀಟರ್ ಅನ್ನುತ್ತಿದ್ದ ವ್ಯತ್ಯಾಸ ಇಲ್ಲಿ 38ಕ್ಕೆ ಏರಿತ್ತು. ಉಪಗ್ರಹ ಇರೋದು 20,200 ಕಿ.ಮೀ. ಮೇಲೆ. ಅದರ ಸಂಕೇತ ಬರೋಕೆ ಹಿಡಿದ ಸಮಯದಿಂದಲೇ ಜಿಪಿಎಸ್ ದೂರ ಲೆಕ್ಕ ಹಾಕುತ್ತದೆ. ಸರಿಯಾದ ಜಾಗ ಹೇಳೋಕೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಸಂಕೇತ ಬಂಡೆಗೆ ಬಡಿದು ಸುತ್ತಿ ಬಂದರೆ ಲೆಕ್ಕ ತಪ್ಪದೆ ಇನ್ನೇನು? ಇಂಥ ಕಡೆ ಜಿಪಿಎಸ್‌ನಲ್ಲಿ ಜಾಗದ ಗುರುತು ಹಾಕಲೇಬೇಡಿ. ಹೊರಗೆ ಬಂದು, ಎರಡು ನಿಮಿಷ ನಿಂತು, ಆಮೇಲೆ ಹಾಕಿ. ನಮ್ಮದರಲ್ಲಿ ನಡೆದ ದೂರಕ್ಕೂ ಆ ಗೀಚಾಟ ಸೇರಿಕೊಂಡು, ಅರ್ಧ ಕಿ.ಮೀ. ಪುಕ್ಕಟೆ ಸಿಕ್ಕಿತು.

ಈಗ ನಿಜವಾದ ಪೆಟ್ಟಿನ ಕಥೆ. ಜಲಪಾತಕ್ಕೆ ಇನ್ನು 430 ಮೀಟರ್ ಅಂತ ಪರದೆ ಹೇಳಿತು. ಕಾಲುದಾರಿ ಎಡಕ್ಕೆ ತಿರುಗಿತ್ತು, ಬಾಣ ನೇರಕ್ಕಿತ್ತು. ನಾನು ಬಾಣ ನಂಬಿದೆ. ಇಪ್ಪತ್ತು ಹೆಜ್ಜೆಗೆ ಬೆತ್ತದ ಮುಳ್ಳು. ಅದನ್ನು ದಾಟಿದರೆ ಆಳದ ಹಳ್ಳ, ಎರಡೂ ಕಡೆ ಜಾರುವ ಧರೆ, ಅಂದರೆ ಕಡಿದಾದ ಮಣ್ಣಿನ ದಂಡೆ. ಅಂಗಿಯ ತೋಳು ಹರಿಯಿತು. ಕಾಲುಚೀಲದೊಳಗೆ ಉಂಬಳ ಲೆಕ್ಕವಿಲ್ಲ. ಹೀಗೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಉಳಿಸಿದ್ದು ಬಾಣ ಅಲ್ಲ, ನಾವೇ ನಡೆದು ಬಂದ ಗೆರೆ. ಪರದೆಯನ್ನು 50 ಮೀಟರ್ ಅಳತೆಗೆ ತಂದು, ಆ ಗೆರೆ ಹಿಡಿದೇ ಹಿಂದಕ್ಕೆ ಬಂದೆವು. ಬಾಣ ಹೇಳೋದು ಹಕ್ಕಿಯ ದಾರಿ. ಹಳ್ಳ, ಧರೆ, ತೋಟದ ಅಗಳ ಯಾವುದೂ ಅದಕ್ಕೆ ಗೊತ್ತಿಲ್ಲ.

ಆ ಸುಸ್ತಿನಲ್ಲಿ ಒಂದು ಅಡಿಕೆ ತೋಟದ ಮನೆ ಹತ್ತಿರ ಹೋದೆವು. ಜಗುಲಿಯಲ್ಲಿ ಕೂತಿದ್ದ ಅಜ್ಜ, "ಆಸರಿಗೆ ಎಂತ ಬೇಕು?" ಅಂತ ಕೇಳಿ, ಮಜ್ಜಿಗೆ ಕೊಡಿಸಿ, ಜಿಪಿಎಸ್ ಕೈಗೆ ತಗೊಂಡರು. ತಿರುಗಿಸಿ ಮುರುಗಿಸಿ ನೋಡಿ, "ಅದ್ರಲ್ಲಿ ದಣಪೆ ಎಲ್ಲಿದ್ದು ಹೇಳಿ ಕಾಣ್ತಾ ತಮಾ?" ಅಂದರು. ಕಾಣುತ್ತಿರಲಿಲ್ಲ. ಬೆಟ್ಟದಿಂದ ತೋಟಕ್ಕೆ, ತೋಟದಿಂದ ಕಾಡಿಗೆ ದಾಟುವ ಬಾಗಿಲು ಅಂದರೆ ಈ ದಣಪೆಗಳೇ. ಅವು ಯಾವ ನಕಾಶೆಯಲ್ಲೂ ಇಲ್ಲ. ಇಳಿಸಿಕೊಂಡ ಉಚಿತ ನಕಾಶೆ ರಸ್ತೆ ಮತ್ತು ಹೊಳೆಗೆ ಸಾಕು, ಮಿಕ್ಕಿದ್ದನ್ನು ನಾವೇ ತುಂಬಬೇಕು. ಅಲ್ಲಿಂದ ಮುಂದೆ ಪ್ರತಿ ಕವಲಿಗೆ, ಕಾಲುಸಂಕಕ್ಕೆ, ದಣಪೆಗೆ ಗುರುತು ಹಾಕುತ್ತಾ ನಡೆದೆ. ಬರೀ ನಂಬರು ಬಿಡಬೇಡಿ, ಚಿಕ್ಕ ಹೆಸರು ಕೊಡಿ. '017' ಏನು ಅಂತ ಸಂಜೆಗೆ ನೆನಪಿರೋದಿಲ್ಲ.

ಹಿಡಿಯೋದರಲ್ಲೂ ಒಂದು ಕ್ರಮ ಇದೆ. ಮೇಲೆ ಕೊಂಬಿನಂಥ ಆಂಟೆನಾ ಇದ್ದರೆ ನೆಟ್ಟಗೆ ಹಿಡಿಯಿರಿ, ಇಲ್ಲದ ಚಪ್ಪಟೆ ಮಾದರಿಯನ್ನು ಅಂಗೈ ಮೇಲೆ ಮಲಗಿಸಿ. ಪ್ಯಾಂಟಿನ ಜೇಬು ಬೇಡ, ಬ್ಯಾಗಿನ ಹೆಗಲ ಪಟ್ಟಿ ಒಳ್ಳೆಯದು. ಸೆಲ್ ಬದಲಿಸಿದ ಮೇಲೆ ದಿಕ್ಸೂಚಿಯನ್ನು ಮತ್ತೆ ಸರಿಮಾಡಿಕೊಳ್ಳಬೇಕು. ದಿಕ್ಸೂಚಿ ಇಲ್ಲದ ಅಗ್ಗದ ಮಾದರಿಯಲ್ಲಿ, ನೀವು ನಡೆಯುತ್ತಿದ್ದರೆ ಮಾತ್ರ ಬಾಣಕ್ಕೆ ಅರ್ಥ. ಚಾರ್ಜ್ ಮಾಡುವ ಸೆಲ್ ಹಾಕಿದ್ದರೆ ಸೆಟ್ಟಿಂಗ್ಸ್‌ನಲ್ಲೂ ಅದನ್ನೇ ಆರಿಸಿ, ಇಲ್ಲದಿದ್ದರೆ ಎಷ್ಟು ಉಳಿದಿದೆ ಅಂತ ಸುಳ್ಳು ತೋರಿಸುತ್ತದೆ. ಇನ್ನೊಂದು ಜೊತೆ ಸೆಲ್ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಫೋನ್ ಸಾಲದಾ ಅಂತ ಕೇಳುವವರಿದ್ದಾರೆ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ನಕಾಶೆ ಮೊದಲೇ ಇಳಿಸಿಕೊಂಡಿದ್ದರೆ ಆಯಿತು. ಆದರೆ ಒದ್ದೆ ಬೆರಳಿಗೆ ಟಚ್ ಬಗ್ಗೋದಿಲ್ಲ, ಬ್ಯಾಟರಿಯೂ ಸಂಜೆಗೆ ಮುಗಿದಿರುತ್ತದೆ. ನಾನಂತೂ ಎರಡೂ ಒಯ್ಯುತ್ತೇನೆ. ಆದರೆ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಮಾದರಿ ಮಾತ್ರ ಬೇಡ. ಅನುಮತಿ ಇಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಒಳದಾರಿಗೆ ಇಳಿಯುವ ಮೊದಲು ಅರಣ್ಯ ಇಲಾಖೆಯವರನ್ನೂ ಕೇಳಿಕೊಳ್ಳಿ.

ವಾಪಸ್ ಬರುವಾಗ ಐದೂವರೆಗೇ ಕಾಡೊಳಗೆ ಕತ್ತಲು. ಗುರುತಿಂದ ಗುರುತಿಗೆ ಬಂದೆವು. ಒದ್ದೆ ಎಲೆಗಳ ಕೆಳಗೆ ಗೆರೆ ಹತ್ತು ಹದಿನೈದು ಮೀಟರ್ ಆಚೀಚೆ ಇರುತ್ತಿತ್ತು, ಹಾಗಾಗಿ ಕಣ್ಣು ದಾರಿಯ ಮೇಲೇ ಇರಬೇಕಾಯಿತು. 'ದಣಪೆ 2' ಅಂತ ಹಾಕಿದ್ದ ಜಾಗಕ್ಕೆ 8 ಮೀಟರ್ ಅಂದಾಗ ಟಾರ್ಚ್ ಬಿಟ್ಟೆ. ಬೆಳಗ್ಗೆ ನಾವೇ ಸರಿಸಿದ್ದ ದಣಪೆಯ ಅಡ್ಡಗಳ ಹಾಗೇ ನೆಲಕ್ಕೆ ಬಿದ್ದಿತ್ತು. ನೀವು ಹೋದರೆ ದಾಟಿದ ಕೂಡಲೇ ಅದನ್ನು ಮತ್ತೆ ಸಿಕ್ಕಿಸಿ, ದನ ತೋಟಕ್ಕೆ ನುಗ್ಗುತ್ತವೆ.