ಬ್ಯಾಲಿಶ್ಯಾನನ್‌ನಿಂದ ಬ್ಯಾಲಿನ್‌ಕಾಲಿಗ್‌ಗೆ: ರೋರಿ ಗ್ಯಾಲಹರ್ ಜಾಡಿನಲ್ಲಿ

ಐರ್ಲೆಂಡ್‌ನಲ್ಲಿ ನೀವು ‘ಗ್ಯಾಲಗರ್’ ಅಂದರೂ ಜನಕ್ಕೆ ಅರ್ಥವಾಗುತ್ತದೆ. ಆದರೆ ಅವರ ಬಾಯಲ್ಲಿ ಅದು ‘ಗ್ಯಾಲಹರ್’. ನಡುವಿನ ಗಕಾರವನ್ನು ಅವರು ನುಂಗಿಬಿಡುತ್ತಾರೆ. ಬ್ಲೂಸ್-ರಾಕ್ ಗಿಟಾರ್‌ವಾದಕ, ಹಾಡುಗಾರ ರೋರಿ ಗ್ಯಾಲಹರ್ ಹುಟ್ಟಿದ್ದು 1948ರ ಮಾರ್ಚ್ 2ರಂದು, ವಾಯವ್ಯ ಐರ್ಲೆಂಡ್‌ನ ಡೊನೆಗಾಲ್ ಕೌಂಟಿಯ ಬ್ಯಾಲಿಶ್ಯಾನನ್‌ನಲ್ಲಿ. ತೀರಿಕೊಂಡಿದ್ದು 1995ರ ಜೂನ್ 14ರಂದು, ಲಂಡನ್ನಿನ ಆಸ್ಪತ್ರೆಯಲ್ಲಿ, ಯಕೃತ್ತಿನ ಕಸಿಯಾದ ಮೇಲೆ ತಗುಲಿದ ಸೋಂಕಿನಿಂದ. ಆಗ ಅವನಿಗೆ 47 ವರ್ಷ. ಮಣ್ಣು ಕಂಡಿದ್ದು ದಕ್ಷಿಣದ ಕಾರ್ಕ್ ನಗರದ ಹೊರಗೆ, ಬ್ಯಾಲಿನ್‌ಕಾಲಿಗ್ ಪಕ್ಕದಲ್ಲಿ. ಈ ಎರಡು ಊರುಗಳ ನಡುವೆ ಡಬ್ಲಿನ್, ಬೆಲ್‌ಫಾಸ್ಟ್, ಕಾರ್ಕ್ ಸೇರಿಸಿದರೆ ಎಂಟು ದಿನದ ಸುತ್ತಾಟ.

ಹೊರಡುವ ಮೊದಲೇ ಒಂದು ಮಾತು. ಅವನನ್ನು ಎಲ್ಲರೂ ಗಿಟಾರ್‌ವಾದಕನೆಂದೇ ನೆನೆಯುತ್ತಾರೆ, ಸ್ಮಾರಕಗಳೂ ಬಹುಪಾಲು ಗಿಟಾರ್‌ನವೇ. ಹಾಡುಗಾರನಾಗಿ ಅವನಿಗೆ ಸಲ್ಲಬೇಕಾದ್ದು ಸಂದಿಲ್ಲ. ಆದ್ದರಿಂದ ಫೋನ್‌ನಲ್ಲಿ ಎರಡು ಲೈವ್ ಆಲ್ಬಂಗಳನ್ನು, 1972ರ ‘ಲೈವ್ ಇನ್ ಯುರೋಪ್’ ಮತ್ತು ‘ಐರಿಶ್ ಟೂರ್ ’74’, ಇಳಿಸಿಕೊಂಡೇ ವಿಮಾನ ಹತ್ತಿ. ಡೊನೆಗಾಲ್ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ.

ಹೋಗಲು ಒಳ್ಳೆಯ ಕಾಲ ಜೂನ್ ಮೊದಲ ಸೋಮವಾರದ ಹಿಂದಿನ ವಾರಾಂತ್ಯ. ಆ ಸೋಮವಾರ ಐರ್ಲೆಂಡ್‌ನಲ್ಲಿ ಸಾರ್ವಜನಿಕ ರಜೆ. ಅದಕ್ಕೆ ಮೊದಲಿನ ಗುರುವಾರದಿಂದ ಭಾನುವಾರದವರೆಗೆ ಬ್ಯಾಲಿಶ್ಯಾನನ್‌ನಲ್ಲಿ ರೋರಿ ಹೆಸರಿನ ಉತ್ಸವ ನಡೆಯುತ್ತದೆ.

ವೀಸಾ ವಿಷಯದಲ್ಲಿ ಎಡವುವವರೇ ಹೆಚ್ಚು. ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ, ಷೆಂಗೆನ್ ವೀಸಾ ಇಲ್ಲಿ ನಡೆಯದು. ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ. ಭಾರತದಲ್ಲಿ ಅರ್ಜಿ ಹಾಕುವ ಭಾರತೀಯರಿಗೆ ‘ಬ್ರಿಟಿಷ್ ಐರಿಶ್ ವೀಸಾ ಸ್ಕೀಮ್’ ಎಂಬ ಅನುಕೂಲವಿದೆ. ಐರಿಶ್ ವೀಸಾ ಚೀಟಿಯ ಮೇಲೆ ‘ಬಿಐವಿಎಸ್’ ಎಂದು ಅಚ್ಚಾಗಿದ್ದರೆ ಅದೇ ವೀಸಾದಲ್ಲಿ ಬ್ರಿಟನ್ನಿಗೂ ಹೋಗಬಹುದು. ಆದರೆ ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಹಾಗಾಗಿ ಲಂಡನ್ ಮೂಲಕ ಟಿಕೆಟ್ ತೆಗೆಯುವ ಬದಲು ದುಬೈ, ಅಬುಧಾಬಿ ಅಥವಾ ದೋಹಾದಿಂದ ನೇರ ಡಬ್ಲಿನ್‌ಗೆ ಇಳಿಯುವುದು ನಿಶ್ಚಿಂತೆ. ವೀಸಾ ಕೈಗೆ ಬಂದ ದಿನವೇ ಆ ನಾಲ್ಕಕ್ಷರ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಲ್‌ಫಾಸ್ಟ್ ಕೈಬಿಡಬೇಕು. ಬೆಲ್‌ಫಾಸ್ಟ್ ಒಂದೇ ಅಲ್ಲ, ಮುಂದೆ ಹೇಳುವ ಇನ್ನೊಂದು ದಾರಿಯನ್ನೂ.

ಡಬ್ಲಿನ್‌ನಲ್ಲಿ ಒಂದೂವರೆ ದಿನ ಸಾಕು. ಟೆಂಪಲ್ ಬಾರ್ ಬಡಾವಣೆಯ ಮೀಟಿಂಗ್ ಹೌಸ್ ಸ್ಕ್ವೇರ್ ಮೂಲೆಗೆ 2006ರಿಂದ ‘ರೋರಿ ಗ್ಯಾಲಹರ್ ಕಾರ್ನರ್’ ಎಂದು ಹೆಸರು. ಗೋಡೆಯ ಮೇಲೆ ಅವನ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್‌ನ ನಿಜ ಗಾತ್ರದ ಕಂಚಿನ ಪ್ರತಿ ಇದೆ. ತಲೆಯೆತ್ತಿ ನಡೆಯದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಸಂಜೆಯಾದ ಮೇಲೆ ಆ ಓಣಿಗಳಲ್ಲಿ ಕುಡುಕರ ಗದ್ದಲ, ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಚಿತ್ರ ತೆಗೆಯಲು ಜಾಗ ಸಿಗುತ್ತದೆ.

ನಿಜವಾದ ಗಿಟಾರ್‌ನ ಕಥೆಯೇ ಬೇರೆ. 1961ರ ತಯಾರಿಕೆ, ಕ್ರಮಸಂಖ್ಯೆ 64351. ರಾಯಲ್ ಶೋಬ್ಯಾಂಡ್ ಎಂಬ ಐರಿಶ್ ತಂಡದ ಗಿಟಾರ್‌ವಾದಕ ಕೆಂಪು ಬಣ್ಣದ್ದು ತರಿಸಿದರೆ ಬಂದದ್ದು ಸನ್‌ಬರ್ಸ್ಟ್ (ನಡುವೆ ಹೊಂಬಣ್ಣ, ಅಂಚಿಗೆ ಕಪ್ಪು) ಬಣ್ಣದ್ದು. ಅವನು ಅದನ್ನು ಬಿಟ್ಟುಕೊಟ್ಟ, 1963ರಲ್ಲಿ ಹದಿನೈದರ ರೋರಿ ಕಾರ್ಕ್‌ನ ಕ್ರೌಲೀಸ್ ಅಂಗಡಿಯಲ್ಲಿ 100 ಪೌಂಡಿಗೆ ಒಂದಿಷ್ಟು ಕಮ್ಮಿಗೆ ಕೊಂಡ. 1966ರಲ್ಲಿ ಡಬ್ಲಿನ್‌ನಲ್ಲಿ ಅದು ಕಳುವಾಯಿತು, ಕೆಲವು ದಿನಗಳ ಮೇಲೆ ಮಳೆಯಲ್ಲಿ ನೆನೆದು ಸಿಕ್ಕಿತು. ಆ ಮಳೆ, ಆಮೇಲಿನ ವರ್ಷಗಳ ಬೆವರು, ಎರಡೂ ಸೇರಿ ಮೈಮೇಲಿನ ಬಣ್ಣ ಕಿತ್ತು ಬರಿಮರ ಉಳಿಯಿತು. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಶುಲ್ಕ ಸೇರಿ 8,89,400 ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡುವುದಾಗಿ ಪ್ರಕಟಿಸಿದರು. ಗೊತ್ತುಮಾಡಿದ ಜಾಗ ಕಾಲಿನ್ಸ್ ಬ್ಯಾರಕ್ಸ್‌ನ ಶಾಖೆ. ಲುವಾಸ್ ಟ್ರಾಮ್‌ನ ಕೆಂಪು ಮಾರ್ಗದಲ್ಲಿ ‘ಮ್ಯೂಸಿಯಂ’ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇದೆ, ಪ್ರವೇಶ ಉಚಿತ. ಭಾನುವಾರ, ಸೋಮವಾರ ಮಧ್ಯಾಹ್ನ ಒಂದಕ್ಕೆ ಬಾಗಿಲು ತೆರೆಯುತ್ತಾರೆ. ವಸ್ತುಸಂಗ್ರಹಾಲಯದವರು ವಸ್ತುಗಳನ್ನು ಒಳಗೆ ಹೊರಗೆ ಮಾಡುತ್ತಿರುತ್ತಾರೆ, ಹೋಗುವ ವಾರದಲ್ಲಿ ಗಿಟಾರ್ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ಇಮೇಲ್ ಮಾಡಿ ಕೇಳಿ. ನೋಡಲು ಸಿಕ್ಕರೆ ತಲೆಭಾಗದಲ್ಲಿ ತಂತಿ ಬಿಗಿಯುವ ಆರು ಕಿವಿಗಳನ್ನು ಗಮನಿಸಿ. ಐದು ಒಂದು ಕಂಪನಿಯವು, ಒಂದು ಇನ್ನೊಂದರದ್ದು. ಕೆಟ್ಟದ್ದನ್ನು ಕಿತ್ತು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಮುಂದಿನ ಊರಿಗೆ ಹೊರಟವನ ಗಿಟಾರ್ ಅದು.

ಬೆಲ್‌ಫಾಸ್ಟ್‌ಗೆ ಡಬ್ಲಿನ್ ಕಾನಲಿ ನಿಲ್ದಾಣದಿಂದ ಎಂಟರ್‌ಪ್ರೈಸ್ ರೈಲು, ಎರಡು ಗಂಟೆ ಚಿಲ್ಲರೆ. ಈಗ ಅದು ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣಕ್ಕೆ ಹೋಗುತ್ತದೆ. ಹಳೆಯ ಗೈಡುಗಳಲ್ಲಿ ಬೇರೆ ನಿಲ್ದಾಣದ ಹೆಸರಿರುತ್ತದೆ. ಗಡಿ ಎಲ್ಲಿ ದಾಟಿತೆಂದು ಗೊತ್ತೇ ಆಗುವುದಿಲ್ಲ. ಆದರೂ ಕೆಲವೊಮ್ಮೆ ಐರಿಶ್ ಪೊಲೀಸರು ಬೋಗಿಯೊಳಗೆ ಬಂದು ಪಾಸ್‌ಪೋರ್ಟ್ ಕೇಳುತ್ತಾರೆ, ಹೋಟೆಲಿನಲ್ಲಿ ಬಿಟ್ಟು ಬರಬೇಡಿ. ಇಲ್ಲಿಂದ ಯೂರೋ ಇಲ್ಲ, ಪೌಂಡ್. ಡಬ್ಲಿನ್‌ನ ಬಸ್ಸು, ಟ್ರಾಮುಗಳಿಗೆ ಬಳಸುವ ಲೀಪ್ ಕಾರ್ಡೂ ಇಲ್ಲಿ ನಡೆಯದು.

ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಬೆಡ್‌ಫರ್ಡ್ ಸ್ಟ್ರೀಟ್, ಅಲ್ಲಿ 1862ರಲ್ಲಿ ತೆರೆದ ಅಲ್‌ಸ್ಟರ್ ಹಾಲ್. ಅದರ ಮುಂದೆ 2025ರ ಜನವರಿ 4ರಂದು ರೋರಿಯ ಕಂಚಿನ ಪ್ರತಿಮೆ ಅನಾವರಣವಾಯಿತು. ಅವನು ಈ ಊರಿನವನಲ್ಲ, ಆದರೂ ಪ್ರತಿಮೆ ಯಾಕೆಂದರೆ, ಎಪ್ಪತ್ತರ ದಶಕದಲ್ಲಿ ಬಾಂಬು, ಗುಂಡಿನ ಸದ್ದಿಗೆ ಹೆದರಿ ಹೊರಗಿನ ತಂಡಗಳು ಬೆಲ್‌ಫಾಸ್ಟ್ ಕಡೆ ತಲೆ ಹಾಕದಿದ್ದಾಗ ರೋರಿ ಬರುವುದನ್ನು ನಿಲ್ಲಿಸಲಿಲ್ಲ. ‘ಐರಿಶ್ ಟೂರ್ ’74’ ಈ ಸಭಾಂಗಣದಲ್ಲಿ, ಡಬ್ಲಿನ್‌ನ ಕಾರ್ಲ್‌ಟನ್ ಚಿತ್ರಮಂದಿರದಲ್ಲಿ, ಕಾರ್ಕ್‌ನ ಸಿಟಿ ಹಾಲ್‌ನಲ್ಲಿ ಧ್ವನಿಮುದ್ರಣವಾದದ್ದು. ಪ್ರತಿಮೆಯ ಬಳಿ ನಿಂತು ಆ ಆಲ್ಬಂನ ‘ಆಸ್ ದ ಕ್ರೋ ಫ್ಲೈಸ್’ ಹಚ್ಚಿ. ಡ್ರಮ್ಸ್ ಇಲ್ಲ, ಬ್ಯಾಸ್ ಇಲ್ಲ, ಅವನೊಬ್ಬನೇ. ಗಂಟಲು ಅಡಗಿಕೊಳ್ಳಲು ಅಲ್ಲಿ ಜಾಗವೇ ಇಲ್ಲ, ಅಡಗಿಕೊಳ್ಳುವ ಅಗತ್ಯವೂ ಕಾಣದು. ಅವನ ‘ಟೇಸ್ಟ್’ ತಂಡ ನುಡಿಸುತ್ತಿದ್ದ ಮ್ಯಾರಿಟೈಮ್ ಹೋಟೆಲ್ ಕಟ್ಟಡ ಈಗಿಲ್ಲ, ಅದಕ್ಕಾಗಿ ಅಲೆಯಬೇಡಿ.

ಬ್ಯಾಲಿಶ್ಯಾನನ್‌ಗೆ ರೈಲಿಲ್ಲ, ಡೊನೆಗಾಲ್ ಕೌಂಟಿಗೇ ರೈಲಿಲ್ಲ. ಬೆಲ್‌ಫಾಸ್ಟ್‌ನಿಂದಾದರೆ 261ನೇ ಬಸ್ಸಿನಲ್ಲಿ ಎನ್ನಿಸ್ಕಿಲನ್‌ಗೆ ಬಂದು, ಅಲ್ಲಿ ಡಬ್ಲಿನ್‌ನಿಂದ ಡೊನೆಗಾಲ್‌ಗೆ ಹೋಗುವ 30ನೇ ಬಸ್ ಹಿಡಿಯಬೇಕು. ಎರಡೂ ಬೇರೆ ಬೇರೆ ಸಂಸ್ಥೆಯವು, ಒಂದು ತಡವಾದರೆ ಇನ್ನೊಂದು ಕಾಯುವುದಿಲ್ಲ. ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ಬಿಐವಿಎಸ್ ಇಲ್ಲದವರಿಗೆ ಆಗಲೇ ಹೇಳಿದ ತೊಡಕು ಇದೇ. ಡಬ್ಲಿನ್‌ನಿಂದ ನೇರ ಹೋಗುವ ಈ 30ನೇ ಬಸ್ಸೂ ಎನ್ನಿಸ್ಕಿಲನ್ ಮೂಲಕ, ಅಂದರೆ ಬ್ರಿಟನ್ನಿನ ನೆಲದ ಮೇಲೆ ಹಾದುಹೋಗುತ್ತದೆ. ಫೋನಿನ ನಕ್ಷೆ ಮೊದಲು ತೋರಿಸುವುದೂ ಇದನ್ನೇ. ಅಂಥವರು ಕಾನಲಿಯಿಂದ ಸ್ಲೈಗೋಗೆ ರೈಲಿನಲ್ಲಿ ಹೋಗಿ (ಸುಮಾರು ಮೂರು ಗಂಟೆ), ನಿಲ್ದಾಣದ ಪಕ್ಕದಲ್ಲೇ ಇರುವ ಬಸ್‌ಸ್ಟ್ಯಾಂಡಿನಲ್ಲಿ 64 ಹತ್ತಬೇಕು. ಇದು ಗಡಿ ಮುಟ್ಟುವುದಿಲ್ಲ, ಎಡಗಡೆ ಕಿಟಕಿಗೆ ಅಲ್ಲಲ್ಲಿ ಕಡಲೂ ಸಿಗುತ್ತದೆ. ಬಾಡಿಗೆ ಕಾರಿನವರು ಎರಡು ವಿಷಯ ನೋಡಿಕೊಳ್ಳಿ: ಗಡಿಯಾಚೆಗೂ ವಿಮೆ ಇದೆಯೇ ಎಂದು ಬರಹದಲ್ಲಿ ಕೇಳಿ, ಮತ್ತು ಗಡಿ ದಾಟಿದ ಕೂಡಲೇ ವೇಗದ ಫಲಕ ಕಿಲೋಮೀಟರಿನಿಂದ ಮೈಲಿಗೆ ಬದಲಾಗುತ್ತದೆಂದು ನೆನಪಿಡಿ. ‘60’ ಎಂದರೆ ಅಲ್ಲಿ ಸುಮಾರು 96 ಕಿ.ಮೀ. ಎದುರು ದಿಕ್ಕಿನಲ್ಲಿ ಬರುವಾಗ ಈ ಲೆಕ್ಕ ಮರೆತರೆ ದಂಡ.

ಬ್ಯಾಲಿಶ್ಯಾನನ್ ಅರ್ನ್ ನದಿಯ ದಂಡೆಯ ಏರಿನ ಊರು. ಮುಖ್ಯ ಬೀದಿ ಹತ್ತುವಾಗ ಏದುಸಿರು ಬರುತ್ತದೆ, ಚಕ್ರದ ಸೂಟ್‌ಕೇಸ್‌ಗಿಂತ ಬೆನ್ನುಚೀಲ ವಾಸಿ. ರೋರಿಯ ತಂದೆ ಈ ನದಿಗೆ ಜಲವಿದ್ಯುತ್ ಯೋಜನೆ ಕಟ್ಟುತ್ತಿದ್ದಾಗ ವಿದ್ಯುತ್ ಮಂಡಳಿಯ ಕೆಲಸದಲ್ಲಿದ್ದರು. ಅಕಾರ್ಡಿಯನ್ ನುಡಿಸುತ್ತ ಕೇಲಿ (ಐರಿಶ್ ಜನಪದ ಕುಣಿತದ ಸಂಗೀತ) ತಂಡದಲ್ಲಿ ಹಾಡುತ್ತಲೂ ಇದ್ದರು. ತಾಯಿ ಹಾಡುತ್ತಿದ್ದರು, ನಾಟಕ ಆಡುತ್ತಿದ್ದರು. ಮನೆಗೆ ಗಿಟಾರ್ ಬರುವ ಮೊದಲೇ ಹಾಡು ಬಂದಿತ್ತು. ಊರ ನಡುವಿನ ಕಂಚಿನ ಪ್ರತಿಮೆ ಸ್ಕಾಟ್‌ಲೆಂಡ್‌ನ ಶಿಲ್ಪಿ ಡೇವಿಡ್ ಆ್ಯನಂಡ್ ಅವರದು, 2010ರ ಜೂನ್ 2ರಂದು ನಿಂತಿತು.

ಉತ್ಸವದ ನಾಲ್ಕು ದಿನ ಬೇರೆ ಬೇರೆ ದೇಶಗಳ ತಂಡಗಳು ಇಲ್ಲಿ ಅವನ ಹಾಡುಗಳನ್ನೇ ನುಡಿಸುತ್ತವೆ. ದೊಡ್ಡ ಡೇರೆಯ ಕಾರ್ಯಕ್ರಮಗಳಿಗೆ ಟಿಕೆಟ್, ಬೀದಿಯವು ಬಿಟ್ಟಿ, ಪಬ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಸಂಜೆಯಲ್ಲಿ ಒಂದೇ ಹಾಡನ್ನು ನಾಲ್ಕು ಸಲ ಕೇಳಬೇಕಾಗಬಹುದು. ಆಗಲೇ ಒಂದು ಸಂಗತಿ ಹೊಳೆಯುವುದು. ವೇಷ, ಚೌಕಳಿ ಅಂಗಿ, ಸವೆದಂತೆ ಉಜ್ಜಿದ ಗಿಟಾರ್, ಸೋಲೋದ ಪ್ರತಿ ಸ್ವರ, ಎಲ್ಲವನ್ನೂ ಯಾರೋ ಒಬ್ಬರು ಸಾಧಿಸಿರುತ್ತಾರೆ. ‘ಎ ಮಿಲಿಯನ್ ಮೈಲ್ಸ್ ಅವೇ’ ಹಾಡಿನಲ್ಲಿ ಕೂಗದೆಯೇ ಹಾಡನ್ನು ಮೇಲೇರಿಸುವ ಆ ದನಿ ಮಾತ್ರ ಯಾರಿಗೂ ಸಿಕ್ಕಿರುವುದಿಲ್ಲ. ಹೆಚ್ಚಿನವರು ಅಲ್ಲಿ ಒರಟಾಗಿ ಅರಚಿಬಿಡುತ್ತಾರೆ.

ತಂಗಲು ಊರೊಳಗಿನ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಆರೇಳು ಕಿ.ಮೀ. ದೂರದ ಕಡಲೂರು ಬಂಡೋರನ್, ಇಲ್ಲವೇ ಇಪ್ಪತ್ತು ಕಿ.ಮೀ. ಚಿಲ್ಲರೆ ದೂರದ ಡೊನೆಗಾಲ್ ಪಟ್ಟಣ ನೋಡಿ. ತೊಡಕು ರಾತ್ರಿಯದು: ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಬಸ್ಸಿರುವುದಿಲ್ಲ, ಟ್ಯಾಕ್ಸಿ ನಾಲ್ಕಾರು. ಮಧ್ಯಾಹ್ನವೇ ಚಾಲಕನಿಗೆ ಫೋನ್ ಮಾಡಿ ಹೊತ್ತು ಗೊತ್ತುಮಾಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಬಿಸಿಲೆಂದು ಮೋಸಹೋಗಬೇಡಿ. ಅಟ್ಲಾಂಟಿಕ್ ಗಾಳಿಗೆ ಕೊಡೆ ತಿರುಗಿಬೀಳುತ್ತದೆ, ರೇನ್‌ಕೋಟೇ ಸರಿ.

ಸೋಮವಾರ ಕಾರ್ಕ್‌ಗೆ. ಬಸ್ಸಿನಲ್ಲೇ ಹೋಗುವುದಾದರೆ 64ರಲ್ಲಿ ಗಾಲ್ವೇ, ಅಲ್ಲಿಂದ 51. ಇಡೀ ದಿನ ಬೇಕು. ಸ್ಲೈಗೋದಿಂದ ರೈಲು ಹಿಡಿದು, ಡಬ್ಲಿನ್‌ನಲ್ಲಿ ಕಾನಲಿಯಿಂದ ಹ್ಯೂಸ್ಟನ್ ನಿಲ್ದಾಣಕ್ಕೆ ಕೆಂಪು ಲುವಾಸ್‌ನಲ್ಲಿ ದಾಟಿ, ಮತ್ತೆ ಎರಡೂವರೆ ಗಂಟೆ ಕಾರ್ಕ್ ರೈಲಿನಲ್ಲಿ ಹೋಗುವುದು ಮೈಗೆ ಹಗುರ. ರಜಾದಿನದ ವೇಳಾಪಟ್ಟಿ ಬೇರೆ, ವಾರದ ದಿನದ್ದನ್ನು ನಂಬಿ ಹೊರಟರೆ ಬಸ್‌ಸ್ಟ್ಯಾಂಡಿನಲ್ಲೇ ಕೂರಬೇಕಾದೀತು. ಅಂದು ಕಾರ್ಕ್‌ನ ಗ್ರಂಥಾಲಯವೂ ಮುಚ್ಚಿರುತ್ತದೆ. ಆದ್ದರಿಂದ ನೋಡುವ ಕೆಲಸ ಮಂಗಳವಾರಕ್ಕೆ.

ಕಾರ್ಕ್‌ನ ಕೆಂಟ್ ರೈಲು ನಿಲ್ದಾಣದಿಂದ ನಡೆದರೆ ಮೊದಲು ಸಿಗುವುದು ಮ್ಯಾಕರ್ಟನ್ ಸ್ಟ್ರೀಟ್. ತಾಯಿಯ ಕಡೆಯವರ ಪಬ್ ಇದ್ದದ್ದು, ರೋರಿ ಬೆಳೆದದ್ದು ಈ ಬೀದಿಯಲ್ಲಿ. ನದಿ ದಾಟಿ ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್ ಹಿಂದಿನ ಪಾಲ್ ಸ್ಟ್ರೀಟಿಗೆ ಹೋದರೆ ಪುಟ್ಟ ಚೌಕ ‘ರೋರಿ ಗ್ಯಾಲಹರ್ ಪ್ಲೇಸ್’. 1997ರ ಅಕ್ಟೋಬರ್‌ನಲ್ಲಿ ಈ ಹೆಸರಿಟ್ಟರು. ಅಲ್ಲಿರುವ ಶಿಲ್ಪ ಅವನ ಬಾಲ್ಯದ ಗೆಳತಿ ಜೆರಲ್ಡೀನ್ ಕ್ರೀಡನ್ ಮಾಡಿದ್ದು. ಕರಗಿ ಹರಿಯುವಂಥ ಗಿಟಾರ್, ಆ ಹರಿವಿನಲ್ಲಿ ಅವನ ಹಾಡಿನ ಸಾಲುಗಳು. ಇಡೀ ಜಾಡಿನಲ್ಲಿ ನಮ್ಮ ಓಟು ಇದಕ್ಕೇ. ಅವನು ಏನು ಹಾಡಿದನೆಂದು ಇಲ್ಲಿ ಓದಬಹುದು. ಗ್ರ್ಯಾಂಡ್ ಪೆರೇಡ್‌ನ ನಗರ ಗ್ರಂಥಾಲಯದ ಸಂಗೀತ ವಿಭಾಗಕ್ಕೂ 2004ರಿಂದ ಅವನದೇ ಹೆಸರು. ಭಾನುವಾರ ರಜೆ.

ಸಮಾಧಿ ಇರುವುದು ಸೇಂಟ್ ಆಲಿವರ್ಸ್ ಸ್ಮಶಾನದಲ್ಲಿ, ಕಾರ್ಕ್‌ಗೂ ಬ್ಯಾಲಿನ್‌ಕಾಲಿಗ್‌ಗೂ ನಡುವೆ, ಮಾಡೆಲ್ ಫಾರ್ಮ್ ರೋಡಿನಲ್ಲಿ. ಬ್ಯಾಲಿನ್‌ಕಾಲಿಗ್‌ಗೆ 220ನೇ ಬಸ್ಸಿದೆ, ಲೀಪ್ ಕಾರ್ಡ್ ಇಲ್ಲಿ ನಡೆಯುತ್ತದೆ. ಆದರೆ ಅದು ಸ್ಮಶಾನದ ಬಾಗಿಲಿಗೇ ಬಿಡುತ್ತದೆಂದು ತಿಳಿಯಬೇಡಿ, ನಡೆಯುವುದಿದೆ. ಹೂ ಒಯ್ಯುವುದಾದರೆ ಪೇಟೆಯಲ್ಲೇ ಕೊಂಡುಕೊಳ್ಳಿ. ಸೂರ್ಯನ ಕಿರಣಗಳಂತೆ ಹರಡಿರುವ ತಲೆಗಲ್ಲು ಹುಡುಕಿ. 1972ರಲ್ಲಿ ವರ್ಷದ ಅಂತರರಾಷ್ಟ್ರೀಯ ಗಿಟಾರ್‌ವಾದಕನೆಂದು ಸಿಕ್ಕ ಪ್ರಶಸ್ತಿಯ ಆಕಾರ ಅದು. ಇಲ್ಲೂ ಗಿಟಾರ್‌ಗೇ ಪಟ್ಟ. ಬಂದವರು ಗಿಟಾರ್ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಇಟ್ಟು ಹೋಗುತ್ತಾರೆ. ತೆಳ್ಳನೆಯದು ಗಾಳಿಗೆ ಹಾರಿ ಪಕ್ಕದವರ ಸಮಾಧಿ ಸೇರುತ್ತದೆ, ಒಂದು ಮಿ.ಮೀ.ಗೆ ಕಡಿಮೆಯಿಲ್ಲದ್ದನ್ನು ಒಯ್ದು ಕಲ್ಲಿನ ಸಂದಿಗೆ ಸಿಕ್ಕಿಸಿ. ಜೂನ್ 14ರವರೆಗೆ ಉಳಿಯಬಲ್ಲವರು ಅಂದೇ ಬರಬಹುದು. ಬೇರೆ ಸಮಾಧಿಗಳಿಗೆ ಬಂದ ಮನೆಯವರೂ ಅಲ್ಲಿರುತ್ತಾರೆ, ಹಾಡು ಇಯರ್‌ಫೋನಿನಲ್ಲೇ ಇರಲಿ.

ಕಾಲಲ್ಲಿ ಬಲವಿದ್ದರೆ ಮರಳುವಾಗ ಬಸ್ ಬಿಟ್ಟು ಮಾಡೆಲ್ ಫಾರ್ಮ್ ರೋಡಿನಲ್ಲೇ ಪೇಟೆಯ ಕಡೆಗೆ ನಡೆಯಬಹುದು, ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಅಲ್ಲಲ್ಲಿ ಕಾಲುದಾರಿ ಕಿರಿದು, ಎದುರು ಬರುವ ವಾಹನಗಳ ಕಡೆ ಗಮನವಿರಲಿ. ರಸ್ತೆ ಮುಗಿಯುವುದು ಡೆನಹೀಸ್ ಕ್ರಾಸ್‌ನಲ್ಲಿ. ಅಲ್ಲಿರುವುದು 1995ರ ಜೂನ್‌ನಲ್ಲಿ ಸಾವಿರಾರು ಜನ ಸೇರಿ ಅವನಿಗೆ ಕೊನೆಯ ಪ್ರಾರ್ಥನೆ ಸಲ್ಲಿಸಿದ ಚರ್ಚು. ಪೇಟೆಗೆ ಹೋಗುವ ಬಸ್ಸುಗಳು ಆ ಕ್ರಾಸ್‌ನಲ್ಲೇ ಸಿಗುತ್ತವೆ.