ಆಡುಸೋಗೆಯ ಕಹಿ

ಇವತ್ತು ಹೂ ಬಿಟ್ಟ ಆಡುಸೋಗೆಯನ್ನು ಹತ್ತಿರದಿಂದ ನೋಡಿದೆ. ಬಿಳಿ ಹೂವು, ಕೆಳಗಿನ ಎಸಳಿನ ಮೇಲೆ ನೇರಳೆ ಗೆರೆಗಳು. ಎಷ್ಟು ಚೆಂದ! ತಾನಾಗಿಯೇ ಬೆಳೆಯುವ ಗಿಡ ಅಂತ ಯಾರೂ ತಿರುಗಿಯೂ ನೋಡುವುದಿಲ್ಲ.

ಕೆಮ್ಮು, ಕಫ, ಉಬ್ಬಸಕ್ಕೆ ಇದರ ಎಲೆ ಆಯುರ್ವೇದದಲ್ಲಿ ಬಹಳ ಹಳೆಯ ಮದ್ದು. ಹಸಿ ಎಲೆಯನ್ನು ಹಿಂಡಿದರೆ ರಸ ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ಬಿಸಿಯಲ್ಲಿ ಬಾಡಿಸಿ ಹಿಂಡುತ್ತಾರೆ, ಜೇನು ಬೆರೆಸಿ ಕೊಡುತ್ತಾರೆ. ಕಹಿ ಅಂದರೆ ಅಂಥಾ ಕಹಿ. ಮೇಯುವ ದನಗಳೂ ಸಾಮಾನ್ಯವಾಗಿ ಇದನ್ನು ಬಿಟ್ಟು ಮುಂದೆ ಹೋಗುತ್ತವೆ.

ಈ ಎಲೆಯಲ್ಲಿ ವಾಸಿಸಿನ್ ಎಂಬ ಆಲ್ಕಲಾಯ್ಡ್, ಅಂದರೆ ಗಿಡಗಳಲ್ಲಿ ಸಿಗುವ ಒಂದು ಬಗೆಯ ರಾಸಾಯನಿಕ, ಇದೆ. ಅದನ್ನೇ ಆಧಾರವಾಗಿಟ್ಟುಕೊಂಡು ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ಎಂಬ ಕಫ ಸಡಿಲಿಸುವ ಔಷಧಿ ತಯಾರಿಸಿದರು. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಬದಲಾಗಿ ಆಂಬ್ರಾಕ್ಸಾಲ್ ಆಗುತ್ತದೆ. ಈಗ ಅದೂ ಒಂದು ಪ್ರತ್ಯೇಕ ಔಷಧಿ. ಕಫದ ಸಿರಪ್ ಬಾಟಲಿಯ ಮೇಲಿನ ಚೀಟಿ ಓದಿ ನೋಡಿ, ಇವೆರಡರಲ್ಲಿ ಒಂದರ ಹೆಸರು ಆಗಾಗ ಸಿಗುತ್ತದೆ. ಈ ಎಲೆಯಿಂದ ಕಫ ಸಡಿಲವಾಗುತ್ತದೆ ಎಂದು ಮೊದಲು ಗಮನಿಸಿದವರು ಯಾರೋ, ಅವರ ಹೆಸರು ಎಲ್ಲೂ ಉಳಿದಿಲ್ಲ. ಅವರ ಮೇಲೆ ನನಗೆ ತುಂಬಾ ಗೌರವ.

ಇನ್ನೊಂದು ಮಾತು ಹೇಳಲೇಬೇಕು. ಸೊಪ್ಪಿನ ರಸ ಅಲ್ವಾ, ಏನೂ ಆಗಲ್ಲ ಅಂತ ಸುಮ್ನೆ ಕುಡಿಯಬೇಡಿ. ವಾಸಿಸಿನ್‌ಗೆ ಗರ್ಭಕೋಶವನ್ನು ಸಂಕುಚಿಸುವ ಗುಣವಿದೆ. ಹಾಗಾಗಿ ಬಸುರಿಯರು ಇದನ್ನು ತೆಗೆದುಕೊಳ್ಳಲೇಬಾರದು. ಕೆಮ್ಮಿದಾಗ ರಕ್ತ ಬಂದರೆ, ಉಸಿರಾಟ ಕಷ್ಟವಾದರೆ ಕಷಾಯ ಕಾಯಿಸುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.