ಆಲೂಗಡ್ಡೆಗೆ ಚುಚ್ಚಿದ ನಾಲ್ಕು ಕಡ್ಡಿ

ಬಿಎಸ್ಸಿ ಎರಡನೇ ವರ್ಷದಲ್ಲಿ ನನಗೆ ಕೈರಾಲಿಟಿ, ಅಂದರೆ ಎಡಗೈ ಬಲಗೈ ಹಾಗೆ ಒಂದು ಅಣುವೂ ಅದರ ಕನ್ನಡಿ ಬಿಂಬವೂ ಒಂದರ ಮೇಲೊಂದು ಹೊಂದದಿರುವುದು, ತಲೆಗೇ ಹತ್ತುತ್ತಿರಲಿಲ್ಲ. ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಸಿಡ್‌ನ ಅಣುವನ್ನು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಅದರ ಕನ್ನಡಿ ಬಿಂಬ ಬರೆದು, ತಿರುಗಿಸಿದರೆ ಎರಡೂ ಒಂದೇ ಅಲ್ವಾ ಸರ್ ಎಂದು ಕೇಳಿದ್ದೆ. ಸರ್ ಬೈಯಲಿಲ್ಲ. "ಹಾಳೆ ಬಿಡು ಮಾರಾಯ, ಕೈಯಲ್ಲಿ ಹಿಡಿಯೋ ಹಾಗೆ ಏನಾದ್ರೂ ಮಾಡ್ಕೊಂಡು ಬಾ" ಎಂದರು.

ಸಂಜೆ ಹಾಸ್ಟೆಲ್ ಅಡುಗೆಮನೆಯಿಂದ ಎರಡು ಸಣ್ಣ ಆಲೂಗಡ್ಡೆ ಇಸಿದುಕೊಂಡೆ. ಹಿಡಿಕಡ್ಡಿ ಮುರಿದು ಒಂದೊಂದಕ್ಕೂ ನಾಲ್ಕು ದಿಕ್ಕಿಗೆ ಚುಚ್ಚಿ, ತುದಿಗೆ ಹಸಿ ಅಡಿಕೆ, ನೆಲ್ಲಿಕಾಯಿ, ಬೆಳ್ಳುಳ್ಳಿ, ಸೂಜಿಮೆಣಸು ಸಿಕ್ಕಿಸಿದೆ. ಒಂದನ್ನು ಕನ್ನಡಿ ಮುಂದಿಟ್ಟು, ಒಳಗೆ ಕಂಡ ಹಾಗೆ ಇನ್ನೊಂದನ್ನು ಮಾಡಿದ್ದೆ. ಅರ್ಧ ಗಂಟೆ ತಿರುಗಿಸಿದೆ, ಬುಡಮೇಲು ಮಾಡಿದೆ. ಅಡಿಕೆ, ನೆಲ್ಲಿಕಾಯಿ ಹೊಂದಿದರೆ ಉಳಿದೆರಡು ಅದಲುಬದಲು. ಆ ಎರಡು ಹೊಂದಿದರೆ ಇವು ಹೊಂದುತ್ತಿರಲಿಲ್ಲ. ಕೊನೆಗೆ ಎರಡರಲ್ಲೂ ಬೆಳ್ಳುಳ್ಳಿ ಕಿತ್ತು ಆ ಜಾಗಕ್ಕೆ ಇನ್ನೊಂದು ಅಡಿಕೆ ಸಿಕ್ಕಿಸಿದೆ ನೋಡಿ, ಎರಡೂ ಒಂದೇ ಆಗಿಬಿಟ್ಟವು! ಆಲೂಗಡ್ಡೆಯೇ ಕಾರ್ಬನ್, ಕಡ್ಡಿ ತುದಿಯವು ಅದಕ್ಕೆ ಅಂಟಿದ ಗುಂಪುಗಳು. ಕೈರಾಲಿಟಿಗೆ ಕಾರ್ಬನ್ನಿನ ನಾಲ್ಕೂ ಗುಂಪು ಬೇರೆ ಬೇರೆ ಇರಬೇಕು ಎಂದು ಯಾಕೆ ಹೇಳುತ್ತಾರೆ ಅಂತ ಆಗ ಕಂಡಿತು. 1874ರಲ್ಲಿ ಕಾರ್ಬನ್ನಿನ ಈ ನಾಲ್ಕು ದಿಕ್ಕನ್ನು ಹೇಳಿದಾಗ ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್‌ಗೆ ಬರೀ 22 ವರ್ಷ.

ಇಂಥ ಕನ್ನಡಿ ಜೋಡಿಯಲ್ಲಿ ಒಂದಕ್ಕೆ ಆರ್, ಇನ್ನೊಂದಕ್ಕೆ ಎಸ್ ಎಂದು ಹೆಸರಿಡುವುದನ್ನು ಸರ್ ಬಸ್ಸಿನ ಸ್ಟೀರಿಂಗ್ ತೋರಿಸಿ ಕಲಿಸಿದರು. ಪರಮಾಣು ಸಂಖ್ಯೆ ನೋಡಿ ಗುಂಪುಗಳಿಗೆ ಸ್ಥಾನ ಕೊಡು, ಕೊನೇ ಸ್ಥಾನದ ಗುಂಪು ಸ್ಟೀರಿಂಗಿನ ಕೋಲಿನ ಹಾಗೆ ನಮ್ಮಿಂದ ಆಚೆ ಇರಲಿ, ಉಳಿದ ಮೂರನ್ನು ಕ್ರಮವಾಗಿ ನೋಡು, ಬಲಕ್ಕೆ ತಿರುಗಿದರೆ ಆರ್, ಎಡಕ್ಕಾದರೆ ಎಸ್. ಹಾಗಾದರೆ ಆರ್ ಇದ್ದದ್ದು ತನ್ನ ಮೂಲಕ ಹಾಯುವ ಧ್ರುವೀಕೃತ (ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕನ್ನೂ ಬಲಕ್ಕೇ ತಿರುಗಿಸುತ್ತದೆ ಎಂದುಕೊಂಡಿದ್ದೆ. ಅದು ತಪ್ಪು. ಓಡಿದಾಗ ನಮ್ಮ ಸ್ನಾಯುವಿನಲ್ಲಿ ಆಗುವ ಲ್ಯಾಕ್ಟಿಕ್ ಆಸಿಡ್ ಎಸ್, ಆದರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಆರ್, ಎಸ್ ನಾವು ಕೊಟ್ಟ ಹೆಸರು. ಬೆಳಕು ಯಾವ ಕಡೆ ಹೋಯಿತು ಎಂಬುದನ್ನು ಆ ತಿರುವು ಅಳೆಯುವ ಪೋಲಾರಿಮೀಟರಿನಲ್ಲೇ ನೋಡಬೇಕು. ಇದನ್ನು ಈಗ ಓದುತ್ತಿರುವವರು ದಯವಿಟ್ಟು ನೆನಪಿಟ್ಟುಕೊಳ್ಳಿ.

ನನಗೆ ಜಾಸ್ತಿ ಹಿಡಿಸಿದ್ದು ಉಪ್ಪಾಗೆಯ (ಅಡುಗೆಗೆ ಹುಳಿಯಾಗಿ ಹಾಕುವ ಕಾಡುಹಣ್ಣು) ಪಾಠ. ಅದರ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್. ನಾಲ್ಕೂ ಗುಂಪು ಬೇರೆಯಿರುವ ಕಾರ್ಬನ್ ಅದರಲ್ಲಿ ಎರಡಿವೆ, ಹಾಗಾಗಿ ನಾಲ್ಕು ರೂಪ ಸಾಧ್ಯ. ನಮ್ಮ ಕಾಡಿನ ಮರ ಮಾಡುವುದು ಆ ನಾಲ್ಕರಲ್ಲಿ ಒಂದನ್ನು. ಅದು ಯಾವ ಆಸಿಡ್ ಎಂದು 1965ರಲ್ಲಿ ಗುರುತಿಸಿ ಬರೆದವರು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಲೂಯಿಸ್ ಮತ್ತು ನೀಲಕಂಠನ್.

ಆ ಶನಿವಾರ ತೀರ್ಥಹಳ್ಳಿ ಬಸ್ಸು ಹತ್ತಿ ಊರಿಗೆ ಹೋದೆ. ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಕಪ್ಪಾದ ಉಪ್ಪಾಗೆ ಸಿಪ್ಪೆ ಇತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡು, ಒಲೆ ಮುಂದೆ ಕೂತಿದ್ದ ಅಮ್ಮನಿಗೆ ಎರಡು ಆಲೂಗಡ್ಡೆ ಕೊಡಮ್ಮಾ ಎಂದೆ.